ಮೆದುಳಿನ ಗಡ್ಡೆಗೆ ಫೋಕಸ್ಡ್ ಅಲ್ಟ್ರಾಸೌಂಡ್: ಟ್ರಯಲ್‌ಗೆ ಹೆಸರು ಕೊಡುವ ಮುಂಚೆ

ಊರಿಂದ ಫೋನ್ ಮಾಡುವವರೆಲ್ಲ ಮೊದಲು ಕೇಳುವುದು ಇದನ್ನೇ: "ಆಪರೇಷನ್ ಇಲ್ದೆ ಸೌಂಡ್‌ನಲ್ಲೇ ಗಡ್ಡೆ ಕರಗಿಸ್ತಾರಂತೆ, ಹೌದಾ?" ನಾನು ಟೊರಾಂಟೊದಲ್ಲಿ ಎಂಆರ್‌ಐ ಟೆಕ್ನಾಲಜಿಸ್ಟ್, ಡಾಕ್ಟರ್ ಅಲ್ಲ. ಆದರೆ ಇಷ್ಟು ಹೇಳಬಲ್ಲೆ. ಫೋಕಸ್ಡ್ ಅಲ್ಟ್ರಾಸೌಂಡ್ ಅಂದರೆ ಒಂದೇ ಜಾಗಕ್ಕೆ ಗುರಿಯಿಟ್ಟು ಬಿಡುವ, ಕಿವಿಗೆ ಕೇಳಿಸದ ಸೌಂಡ್. ನಾನು ಹೇಳುತ್ತಿರುವ ಟ್ರಯಲ್‌ಗಳಲ್ಲಿ, ಅಂದರೆ ರೋಗಿಗಳ ಮೇಲೆ ನಡೆಸುವ ಚಿಕಿತ್ಸೆಯ ಪರೀಕ್ಷೆಗಳಲ್ಲಿ, ಆ ಸೌಂಡ್ ಔಷಧಿಗೆ ದಾರಿ ಬಿಡಿಸಿಕೊಡುತ್ತದೆ, ಅಷ್ಟೇ. ಗಡ್ಡೆಯ ಮೇಲೆ ಕೆಲಸ ಮಾಡಬೇಕಾದದ್ದು ಔಷಧಿ.

ಹಾಗಾಗಿ ಮಶೀನ್ ಬಗ್ಗೆ ಆಮೇಲೆ ವಿಚಾರಿಸಿ. ಯಾವ ಔಷಧಿ ಕೊಡುತ್ತೀರಿ, ಸೌಂಡ್ ಕೊಡುವ ಮುಂಚೆಯೋ ಆದಮೇಲೋ ಅಂತ ಮೊದಲು ಕೇಳಿ. ಮೆದುಳಿನ ರಕ್ತನಾಳದ ಗೋಡೆ ಎಷ್ಟು ಬಿಗಿ ಅಂದರೆ ಬಹಳಷ್ಟು ಕೀಮೋ ಔಷಧಿಗಳು ಅದನ್ನು ದಾಟುವುದೇ ಇಲ್ಲ. 2015ರ ನವೆಂಬರ್‌ನಲ್ಲಿ ಇದೇ ಊರಿನ ಸನ್ನಿಬ್ರೂಕ್ ಆಸ್ಪತ್ರೆಯಲ್ಲಿ ಬುರುಡೆ ತೆರೆಯದೆ, ತಲೆಗೆ ಹೆಲ್ಮೆಟ್‌ನಂಥ ಉಪಕರಣ ಹಾಕಿ ಹೊರಗಿಂದಲೇ ಸೌಂಡ್ ಕೊಟ್ಟು ಆ ಗೋಡೆ ಸಡಿಲಿಸಿದರು. ಅವತ್ತು ಕೊಟ್ಟದ್ದು ಡಾಕ್ಸೊರುಬಿಸಿನ್ ಅನ್ನುವ ಕೀಮೋ ಔಷಧಿ. ಷಿಕಾಗೋದ ನಾರ್ತ್‌ವೆಸ್ಟರ್ನ್ ತಂಡದ್ದು ಬೇರೆ ದಾರಿ. ಅವರು ಬುರುಡೆಯಲ್ಲೇ ಸೌಂಡ್ ಉಪಕರಣ ಕೂರಿಸಿ ಪ್ಯಾಕ್ಲಿಟ್ಯಾಕ್ಸೆಲ್ ಅನ್ನುವ ಇನ್ನೊಂದು ಕೀಮೋ ಕೊಟ್ಟರು. ಸಡಿಲವಾದ ಗೋಡೆ ಒಂದು ಗಂಟೆಯೊಳಗೇ ಹೆಚ್ಚುಕಡಿಮೆ ಮುಚ್ಚಿಕೊಳ್ಳುತ್ತದೆ ಅಂತ 2023ರಲ್ಲಿ ವರದಿ ಮಾಡಿದರು. ಔಷಧಿ ತಡವಾದರೆ ಏನುಪಯೋಗ, ಅಲ್ವಾ?

ಕೈನಡುಕಕ್ಕೂ ಇಂಥದ್ದೇ ಹೆಲ್ಮೆಟ್ ಬಳಸುತ್ತಾರೆ. ಅಲ್ಲಿ ಸೌಂಡ್‌ನ ಶಕ್ತಿ ಜಾಸ್ತಿ, ಒಂದು ಸಣ್ಣ ಜಾಗವನ್ನು ಸುಟ್ಟೇಬಿಡುತ್ತದೆ. ಆ ಮಶೀನ್ ಇದೆ ಅಂದಮಾತ್ರಕ್ಕೆ ಆ ಆಸ್ಪತ್ರೆಯಲ್ಲಿ ಗಡ್ಡೆಯ ಟ್ರಯಲ್ ನಡೆಯುತ್ತಿದೆ ಅಂದುಕೊಳ್ಳಬೇಡಿ.

ಟ್ರಯಲ್ ತಂಡಕ್ಕೆ ಸ್ಕ್ಯಾನ್‌ಗಳ ಸಿಡಿ ಕೊಡಿ. ಫಿಲ್ಮ್‌ನ ಫೋಟೊ ತೆಗೆದು ವಾಟ್ಸಾಪ್ ಮಾಡಿದರೆ ಏನೂ ತಿಳಿಯುವುದಿಲ್ಲ. ತಲೆಯ ಸಿಟಿ ಸ್ಕ್ಯಾನ್ ಅನ್ನೂ ಕೇಳುತ್ತಾರೆ, ಯಾಕೆಂದರೆ ಮೂಳೆಯ ದಪ್ಪ ನೋಡಿಯೇ ಸೌಂಡ್‌ನ ಲೆಕ್ಕ ಹಾಕಬೇಕು. ಬಯಾಪ್ಸಿ ರಿಪೋರ್ಟ್, ಸ್ಟೀರಾಯ್ಡ್ ಎಷ್ಟು ಎಂಜಿ, ರಕ್ತ ತೆಳು ಮಾಡುವ ಮಾತ್ರೆ, ಪೇಸ್‌ಮೇಕರ್, ಯಾವುದನ್ನೂ ಮುಚ್ಚಿಡಬೇಡಿ.

ಹೆಲ್ಮೆಟ್ ಇರುವ ಕಡೆ ತಲೆ ಬೋಳಿಸುತ್ತಾರೆ. ಹೆಂಗಸರಿಗೆ ಇದನ್ನು ಮೊದಲೇ ಹೇಳಿಬಿಡಿ, ಅವತ್ತು ಬೆಳಿಗ್ಗೆ ಅಲ್ಲ. ಹಣೆಗೂ ಹಿಂದಲೆಗೂ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ನಾಲ್ಕು ಪಿನ್ನು ಹಾಕಿ ಫ್ರೇಮ್ ಬಿಗಿಯುತ್ತಾರೆ. ತಲೆಗೂ ಹೆಲ್ಮೆಟ್‌ಗೂ ನಡುವೆ ತಣ್ಣೀರು ಹರಿಯುತ್ತಿರುತ್ತದೆ. ಚಳಿ ಹಿಡಿಯುತ್ತದೆ, ಹೊದಿಕೆ ಕೇಳಿ, ಸಂಕೋಚ ಬೇಡ. ರಕ್ತಕ್ಕೆ ತೀರಾ ಸಣ್ಣ ಅನಿಲದ ಗುಳ್ಳೆಗಳನ್ನು ಬಿಡುತ್ತಾರೆ. ಅದಕ್ಕೆ ಬಳಸುವ ಒಂದು ಔಷಧಿ ಡೆಫಿನಿಟಿ. ಆ ಪುಟ್ಟ ಸೀಸೆಯನ್ನು ಯಂತ್ರದಲ್ಲಿಟ್ಟು 45 ಸೆಕೆಂಡ್ ಗಡಗಡ ಅಲ್ಲಾಡಿಸಿದರೆ ತಿಳಿಯಾಗಿದ್ದದ್ದು ಬೆಳ್ಳಗಾಗುತ್ತದೆ. ಆ ಬಿಳುಪೆಲ್ಲ ಗುಳ್ಳೆಗಳೇ. ಸೌಂಡ್ ತಾಗಿದ ಕಡೆ ಅವು ಹಿಗ್ಗಿ ಕುಗ್ಗಿ ಗೋಡೆಯನ್ನು ಸಡಿಲಿಸುತ್ತವೆ. ಆಮೇಲೆ ಗ್ಯಾಡೊಲಿನಿಯಂ (ಎಂಆರ್‌ಐ ಚಿತ್ರದಲ್ಲಿ ಎದ್ದು ಕಾಣುವ ಇಂಜೆಕ್ಷನ್) ಕೊಟ್ಟು ಸ್ಕ್ಯಾನ್ ಮಾಡಿದರೆ ಸಡಿಲವಾದ ಜಾಗ ಸ್ಕ್ರೀನ್ ಮೇಲೆ ಬೆಳ್ಳಗೆ ಕಾಣುತ್ತದೆ. ಔಷಧಿ ಗೆದ್ದಿತು ಅಂತ ಅದರರ್ಥವಲ್ಲ. ಮನೆಯವರು ಅಲ್ಲೇ ಜಾಸ್ತಿ ಆಸೆ ಇಟ್ಟುಕೊಂಡುಬಿಡುತ್ತಾರೆ.

ಟ್ರಯಲ್ ಎಷ್ಟನೇ ಫೇಸ್, ಅಂದರೆ ಎಷ್ಟನೇ ಹಂತ, ಅಂತ ಕೇಳಿ. ಮೊದಲ ಫೇಸ್ ಆದರೆ ಅವರು ಮುಖ್ಯವಾಗಿ ನೋಡುವುದು ಇದು ಸುರಕ್ಷಿತವೇ ಅಂತ. ಭಾರತದಲ್ಲಾದರೆ ಸಿಟಿಆರ್‌ಐ (ದೇಶದ ಟ್ರಯಲ್‌ಗಳ ಸಾರ್ವಜನಿಕ ಪಟ್ಟಿ) ನೋಂದಣಿ ನಂಬರ್ ಕೇಳಿ, ನೀವೇ ಹುಡುಕಿ ನೋಡಿ. ನಂಬರ್ ಕೊಡದೆ ಸುಮ್ನೆ ದುಡ್ಡಿನ ಮಾತಿಗೇ ಬಂದರೆ ಎದ್ದು ಬನ್ನಿ. ಒಪ್ಪಿಗೆ ಪತ್ರ ಮನೆಗೆ ತಂದು ರೋಗಿಗೆ ಕನ್ನಡದಲ್ಲಿ ಓದಿ ಹೇಳಿ. ರಾತ್ರಿ ಫಿಟ್ಸ್ ಬಂದರೆ, ತಲೆನೋವು ತಡೆಯಲಾರದಷ್ಟಾದರೆ ಯಾರಿಗೆ ಫೋನ್ ಮಾಡಬೇಕು ಅಂತ ಅದರ ಮೊದಲ ಪುಟದಲ್ಲೇ ಬರೆಸಿಕೊಳ್ಳಿ.