ಬಯಸಿದ ಸೀಟು ಸಿಗದಿದ್ದಾಗ: ಕಾಲೇಜು ಬದಲಿಸಬೇಕೇ, ಬದಲಿಸುವುದಾದರೆ ಎಲ್ಲಿಗೆ?

ಎರಡು ವರ್ಷಗಳ ಹಿಂದಿನ ಜುಲೈ ತಿಂಗಳಲ್ಲಿ ನಾಪೋಕ್ಲು ಕಡೆಯ ವಿದ್ಯಾರ್ಥಿನಿಯೊಬ್ಬಳು ನೀರು ಸೋರುವ ಕೊಡೆಯನ್ನು ಸ್ಟಾಫ್ ರೂಮಿನ ಬಾಗಿಲಿಗೆ ಒರಗಿಸಿಟ್ಟು ಒಳಗೆ ಬಂದು, "ಸರ್, ಮುಂದಿನ ವರ್ಷ ಮೈಸೂರಿನ ಕಾಲೇಜಿಗೆ ಹೋಗಬೇಕೆಂದರೆ ಈಗಿನಿಂದ ಏನು ಮಾಡಬೇಕು?" ಎಂದು ಕೇಳಿದಳು. ಅವಳು ನಮ್ಮಲ್ಲಿ ಬಿ.ಎಸ್ಸಿ.ಗೆ ಸೇರಿ ಎಂಟು ದಿನಗಳಾಗಿದ್ದವು. ಮೈಸೂರಿನ ಕಾಲೇಜಿನ ಆಯ್ಕೆ ಪಟ್ಟಿಯಲ್ಲಿ ಹೆಸರು ಬಾರದಿದ್ದ ನೋವು ಮುಖದಲ್ಲಿ ಇನ್ನೂ ಹಸಿಯಾಗಿತ್ತು. ಈ ಪ್ರಶ್ನೆ ಕೊಡಗಿನ ಕಾಲೇಜುಗಳಲ್ಲಿ ಪ್ರತಿ ಮಳೆಗಾಲವೂ ಕೇಳಿಬರುತ್ತದೆ. ನನ್ನ ಅನುಭವದಲ್ಲಿ ಇದು ಕೇಳಬೇಕಾದ ಪ್ರಶ್ನೆಯೇ, ಆದರೆ ಉತ್ತರಿಸಿಕೊಳ್ಳಲು ಜುಲೈ ತಕ್ಕ ಕಾಲವಲ್ಲ. ಹೇಗಿದ್ದರೂ ಬೇರೆ ಕಾಲೇಜು ನಿಮ್ಮನ್ನು ನಡುವೆ ಸೇರಿಸಿಕೊಳ್ಳುವುದು ಸಾಮಾನ್ಯವಾಗಿ ಮೂರನೇ ಸೆಮಿಸ್ಟರ್‌ನ ಆರಂಭದಲ್ಲಿ ಮಾತ್ರ. ಅಂದರೆ ನಿರ್ಧರಿಸಲು ನಿಮ್ಮ ಕೈಯಲ್ಲಿ ಸುಮಾರು ಒಂದು ವರ್ಷವಿದೆ.

ಆ ವರ್ಷದ ಮೊದಲ ಕೆಲಸವೆಂದರೆ ಸೀಟು ಏಕೆ ಸಿಗಲಿಲ್ಲ ಎಂಬುದನ್ನು ನಿಖರವಾಗಿ ತಿಳಿದುಕೊಳ್ಳುವುದು. "ರ‍್ಯಾಂಕ್ ಕಡಿಮೆ ಆಯಿತು" ಎಂದು ಎಲ್ಲರೂ ಹೇಳುತ್ತಾರೆ, ಆದರೆ ಕಾಗದಗಳನ್ನು ತೆಗೆದು ನೋಡಿದರೆ ಅನೇಕರ ವಿಷಯದಲ್ಲಿ ಕಾರಣ ಬೇರೆಯೇ ಇರುತ್ತದೆ. ಎಂಜಿನಿಯರಿಂಗ್‌ಗೆ ಪ್ರಯತ್ನಿಸಿದವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪ್ರಕಟಿಸುವ ಹಿಂದಿನ ವರ್ಷದ ಕಟ್‌ಆಫ್ ಪಟ್ಟಿಯನ್ನು ತೆರೆದು, ತಮ್ಮ ವರ್ಗದ ಕಾಲಂನಲ್ಲಿ ಆ ಕಾಲೇಜಿನ ಕೊನೆಯ ರ‍್ಯಾಂಕ್ ಎಷ್ಟಿತ್ತೆಂದು ನೋಡಬೇಕು. ಪಟ್ಟಿಯಲ್ಲಿ ಜಿಎಂ, ಜಿಎಂಆರ್, ಜಿಎಂಕೆ ಎಂದು ಬೇರೆ ಬೇರೆ ಕಾಲಂಗಳಿರುತ್ತವೆ. ಜಿಎಂ ಎಂದರೆ ಜನರಲ್ ಮೆರಿಟ್, ಅಂದರೆ ಸಾಮಾನ್ಯ ವರ್ಗ, ಆರ್ ಎಂದರೆ ಗ್ರಾಮೀಣ ಮೀಸಲಾತಿ, ಕೆ ಎಂದರೆ ಕನ್ನಡ ಮಾಧ್ಯಮ. ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದ ಶಾಲೆಗಳಲ್ಲಿ ಓದಿದವರಿಗೆ ಶೇ. 15ರಷ್ಟು ಸೀಟುಗಳು ಮೀಸಲಾಗಿವೆ. ಕೊಡಗಿನ ಮಕ್ಕಳಲ್ಲಿ ಇದಕ್ಕೆ ಅರ್ಹರಾದವರು ಬಹಳ ಮಂದಿ. ಆದರೆ ಹತ್ತು ವರ್ಷಗಳಲ್ಲಿ ಒಂದೇ ಒಂದು ವರ್ಷ ಮಡಿಕೇರಿ ನಗರದ ಶಾಲೆಯಲ್ಲಿ ಓದಿದ್ದರೂ ಈ ಸೌಲಭ್ಯ ಸಿಗುವುದಿಲ್ಲ. ಅರ್ಹತೆ ಇದ್ದವರಲ್ಲಿಯೂ ಕೆಲವರು ಶಾಲೆಯ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿ ಮಾಡಿಸದೆ ಹೋಗಿ ದಾಖಲೆ ಪರಿಶೀಲನೆಯಲ್ಲಿ ಅದನ್ನು ಕಳೆದುಕೊಳ್ಳುತ್ತಾರೆ. ಮತ್ತೆ ಕೆಲವರು ಮೊದಲ ಸುತ್ತಿನಲ್ಲಿ ಸಿಕ್ಕ ಸೀಟಿಗೆ ಆತುರದಿಂದ ಮೊದಲನೇ ಚಾಯ್ಸ್ ಒತ್ತಿ, ಮುಂದಿನ ಸುತ್ತಿಗೆ ಹೋಗುವ ದಾರಿಯನ್ನು ತಾವೇ ಮುಚ್ಚಿಕೊಂಡಿರುತ್ತಾರೆ. ಸಿಕ್ಕ ಸೀಟನ್ನು ಕೈಯಲ್ಲಿಟ್ಟುಕೊಂಡು ಮುಂದಿನ ಸುತ್ತಿನಲ್ಲಿ ಮೇಲಿನ ಆಯ್ಕೆಗೆ ಪ್ರಯತ್ನಿಸಲು ಎರಡನೇ ಚಾಯ್ಸ್ ಇದ್ದೇ ಇತ್ತು. ಮೂರನೆಯದನ್ನು ಒತ್ತಿದರೆ ಕೈಯಲ್ಲಿದ್ದ ಸೀಟೂ ಹೋಗುತ್ತದೆ.

ಈ ವ್ಯತ್ಯಾಸ ಮುಖ್ಯವಾದದ್ದು. ಕಾಗದದ ತಪ್ಪಿನಿಂದ ಸೀಟು ತಪ್ಪಿದ್ದರೆ ಅದು ನಿಮ್ಮ ಓದಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಮತ್ತೊಮ್ಮೆ ಸಿಇಟಿ ಬರೆಯುವ ಯೋಚನೆಯನ್ನು ಆಗ ಗಂಭೀರವಾಗಿ ಪರಿಗಣಿಸಬಹುದು. ಕಟ್‌ಆಫ್‌ಗೂ ನಿಮ್ಮ ರ‍್ಯಾಂಕ್‌ಗೂ ಹತ್ತಾರು ಸಾವಿರದ ಅಂತರವಿದ್ದರೆ ಮಾತ್ರ ಲೆಕ್ಕ ಬೇರೆ. ಎಂಜಿನಿಯರಿಂಗ್ ರ‍್ಯಾಂಕ್‌ನಲ್ಲಿ ಪಿಯುಸಿಯ ಮೂರು ವಿಷಯಗಳ ಅಂಕಗಳಿಗೆ ಶೇ. 50, ಸಿಇಟಿ ಅಂಕಗಳಿಗೆ ಶೇ. 50 ತೂಕವಿರುವುದರಿಂದ, ಪಿಯು ಅಂಕಗಳು ಹಾಗೆಯೇ ಉಳಿದರೆ ಸಿಇಟಿಯೊಂದರ ಏರಿಕೆ ಎಷ್ಟು ದೂರ ಒಯ್ಯಬಲ್ಲದೆಂದು ಪ್ರಾಮಾಣಿಕವಾಗಿ ಅಂದಾಜು ಮಾಡಬೇಕು. ಹೀಗೆ ಪುನಃ ಬರೆದು ಸೇರುವುದು ಕಾಲೇಜು ಬದಲಾವಣೆಯಲ್ಲ, ಮೊದಲ ವರ್ಷದಿಂದಲೇ ಹೊಸ ಆರಂಭ ಎಂಬುದನ್ನು ತಂದೆತಾಯಿಗೂ ಮೊದಲೇ ತಿಳಿಸಿರಬೇಕು.

ಇನ್ನು ಬದಲಾವಣೆ ಬೇಕೇ ಬೇಡವೇ ಎಂಬ ಮಾತು. ನಾನು ಆ ಹುಡುಗಿಗೆ ಹೇಳಿದ್ದು ಇಷ್ಟೇ: "ನೋಡಮ್ಮ, ಇಲ್ಲಿಂದ ಏಕೆ ಹೋಗಬೇಕು ಅನ್ನಿಸುತ್ತದೋ ಅಷ್ಟೂ ಕಾರಣಗಳನ್ನು ಇವತ್ತೇ ಬರೆದಿಡು, ತಾರೀಖು ಹಾಕಿ ಇಡು. ಪುತ್ತರಿ ಕಳೆದ ಮೇಲೆ ತಂದು ತೋರಿಸು." ಪುತ್ತರಿ ಎಂದರೆ ನವೆಂಬರ್-ಡಿಸೆಂಬರ್ ಹೊತ್ತಿಗೆ ಬರುವ ಕೊಡಗಿನ ಸುಗ್ಗಿ ಹಬ್ಬ. ಅವಳು ಪ್ರಾಯೋಗಿಕ ದಾಖಲೆ ಪುಸ್ತಕದ ಹಿಂದಿನ ಪುಟದಲ್ಲಿ ಐದು ಕಾರಣಗಳನ್ನು ಬರೆದಳು. ರಸಾಯನಶಾಸ್ತ್ರದ ಲ್ಯಾಬ್ ಚಿಕ್ಕದು. ಗೆಳತಿ ಮೈಸೂರಿನಲ್ಲಿದ್ದಾಳೆ. ಇಲ್ಲಿನ ಡಿಗ್ರಿಗೆ ಬೆಲೆ ಇಲ್ಲ ಎಂದು ಚಿಕ್ಕಪ್ಪ ಹೇಳುತ್ತಾರೆ. ಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಇರುವುದಿಲ್ಲ. ಐದನೆಯದನ್ನು ಬರೆದು ಹೊಡೆದುಹಾಕಿದ್ದಳು, ಗೆರೆಯ ಕೆಳಗೆ "ನನ್ನನ್ನು ಬೇಡ ಎಂದರು" ಎಂಬ ಅಕ್ಷರಗಳು ಕಾಣುತ್ತಿದ್ದವು.

ಇಂಥ ಪಟ್ಟಿಯನ್ನು ನಾಲ್ಕೈದು ತಿಂಗಳು ಬಿಟ್ಟು ಓದಿದಾಗ ಕೆಲವು ಸಾಲುಗಳು ತಾವಾಗಿಯೇ ಸೊರಗಿರುತ್ತವೆ. ಉಳಿದವುಗಳಲ್ಲಿ ಕಾಲೇಜಿಗೆ ಸಂಬಂಧಿಸಿದವು ಯಾವುವು, ನಿಮಗೆ ಸಂಬಂಧಿಸಿದವು ಯಾವುವು ಎಂದು ವಿಂಗಡಿಸಬೇಕು. ಬೇಕಾದ ವಿಷಯ ಸಂಯೋಜನೆ ಇಲ್ಲಿ ಇಲ್ಲದಿರುವುದು, ಮುಖ್ಯ ವಿಷಯಕ್ಕೆ ಸೆಮಿಸ್ಟರ್ ಪೂರ್ತಿ ಪಾಠ ಮಾಡುವವರೇ ಇಲ್ಲದಿರುವುದು, ಪ್ರಯೋಗಗಳು ನಡೆಯದೆ ದಾಖಲೆ ಪುಸ್ತಕ ಮಾತ್ರ ತುಂಬುವುದು, ಇವು ಕಾಲೇಜು ಬದಲಿಸಲು ನ್ಯಾಯವಾದ ಕಾರಣಗಳು. ಮನೆಯ ನೆನಪು, ಹಾಸ್ಟೆಲ್ ಊಟ, ಯಾರದೋ ಮದುವೆ ಮನೆಯಲ್ಲಿ ಕೇಳಿದ ಚುಚ್ಚುಮಾತು, ಇವು ಮೈಸೂರಿಗೂ ನಿಮ್ಮ ಹಿಂದೆಯೇ ಬರುತ್ತವೆ. ಮಳೆಗಾಲದ ಕರೆಂಟಿನ ವಿಷಯವನ್ನು ಮಾತ್ರ ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆನ್‌ಲೈನ್ ಪರೀಕ್ಷೆಯ ದಿನ ಮೊಬೈಲ್ ಹಿಡಿದು ಗುಡ್ಡ ಹತ್ತಿದವರ ಕಷ್ಟ ಇಲ್ಲಿಯವರಿಗೇ ಗೊತ್ತು.

ಎಲ್ಲಿಗೆ ಎಂಬ ಪ್ರಶ್ನೆಯಲ್ಲಿ ಹೆಚ್ಚಿನವರು ಕಾಲೇಜಿನ ಹೆಸರಿನಿಂದ ಆರಂಭಿಸುತ್ತಾರೆ. ಅಂಕಪಟ್ಟಿಯ ಮೇಲಿರುವ ವಿಶ್ವವಿದ್ಯಾಲಯದ ಹೆಸರಿನಿಂದ ಆರಂಭಿಸುವುದು ಒಳ್ಳೆಯದು. ಕೊಡಗಿನ ಪದವಿ ಕಾಲೇಜುಗಳು ಬಹುಕಾಲ ಮಂಗಳೂರು ವಿಶ್ವವಿದ್ಯಾಲಯದ ಅಡಿಯಲ್ಲಿದ್ದಾಗ ಮಡಿಕೇರಿಯಿಂದ ಮಂಗಳೂರಿನ ಕಾಲೇಜಿಗೆ ಹೋಗುವುದು ಒಂದೇ ಮನೆಯೊಳಗೆ ಕೋಣೆ ಬದಲಿಸಿದಂತಿತ್ತು. ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ಬಂದ ಮೇಲೆ ಅದೇ ಪ್ರಯಾಣ ಎರಡು ವಿಶ್ವವಿದ್ಯಾಲಯಗಳ ನಡುವಿನ ವಲಸೆಯಾಯಿತು. ಮೈಸೂರಿಗೆ ಹೋಗುವುದಂತೂ ಹಿಂದೆಯೂ ಹಾಗೆಯೇ ಇತ್ತು. ಹೊಸ ವಿಶ್ವವಿದ್ಯಾಲಯಗಳಲ್ಲಿ ಕೆಲವನ್ನು ಮುಂದುವರಿಸಬೇಕೇ ಎಂಬ ವಿಚಾರವನ್ನು 2025ರಲ್ಲಿ ಸಚಿವ ಸಂಪುಟದ ಉಪಸಮಿತಿಯೇ ಕೈಗೆತ್ತಿಕೊಂಡಿದ್ದರಿಂದ, ಅರ್ಜಿ ಹಾಕುವ ವರ್ಷದಲ್ಲಿ ನಿಮ್ಮ ಕಾಲೇಜು ಯಾರ ಅಡಿಯಲ್ಲಿದೆ ಎಂಬುದನ್ನು ಪ್ರಾಂಶುಪಾಲರ ಕಚೇರಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು. ವಿಶ್ವವಿದ್ಯಾಲಯ ಬದಲಾಗುವುದಾದರೆ ನಿರಾಕ್ಷೇಪಣಾ ಪತ್ರದ ಜೊತೆಗೆ ವಲಸೆ ಪ್ರಮಾಣಪತ್ರವೂ, ಓದಿದ ವಿಷಯಗಳು ಸರಿಸಮವೆಂದು ಹೊಸ ವಿಶ್ವವಿದ್ಯಾಲಯ ಒಪ್ಪುವುದೂ ಬೇಕಾಗುತ್ತದೆ.

ಎಂಜಿನಿಯರಿಂಗ್‌ನಲ್ಲಿ ಈ ಗಡಿ ಅಷ್ಟು ಕಠಿಣವಲ್ಲ. ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಮತ್ತು ಪೊನ್ನಂಪೇಟೆಯ ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಎರಡೂ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಆದರೆ ಅಲ್ಲಿ ಬೇರೊಂದು ಗೋಡೆ ಇದೆ. ಮೈಸೂರಿನ ಎನ್‌ಐಇ, ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಂಥವು ಅದೇ ವಿಶ್ವವಿದ್ಯಾಲಯದೊಳಗಿದ್ದರೂ ಸ್ವಾಯತ್ತ ಕಾಲೇಜುಗಳಾದ್ದರಿಂದ ಪಠ್ಯಕ್ರಮವನ್ನು ತಾವೇ ರೂಪಿಸಿಕೊಳ್ಳುತ್ತವೆ. ಆದ್ದರಿಂದ ಈಗಿನ ಕಾಲೇಜು, ಹೋಗಬಯಸುವ ಕಾಲೇಜು ಎರಡರ ಮೊದಲ ವರ್ಷದ ಪಠ್ಯಕ್ರಮವನ್ನು ಮುದ್ರಿಸಿಕೊಂಡು ಅಕ್ಕಪಕ್ಕ ಇಟ್ಟು, ಒಂದೊಂದು ಪತ್ರಿಕೆಯ ಶೀರ್ಷಿಕೆಯನ್ನಷ್ಟೇ ನೋಡದೆ ಘಟಕಗಳನ್ನೂ ಕ್ರೆಡಿಟ್‌ಗಳನ್ನೂ ಹೋಲಿಸಿ, ಹೊಂದದವಕ್ಕೆ ಕೆಂಪು ಗುರುತು ಹಾಕಬೇಕು. ಈ ಕೆಲಸಕ್ಕೆ ಒಂದು ಭಾನುವಾರ ಸಾಕು. ಕೆಂಪು ಗುರುತು ಬಿದ್ದ ಪ್ರತಿಯೊಂದು ಪತ್ರಿಕೆಯನ್ನೂ ನೀವು ಅಲ್ಲಿ ಮೂರನೇ ಸೆಮಿಸ್ಟರ್‌ನ ಪಾಠಗಳ ಜೊತೆಗೆ ಹೆಚ್ಚುವರಿಯಾಗಿ ಬರೆಯಬೇಕಾಗಬಹುದು. ಒಂದೆರಡು ಪತ್ರಿಕೆಯಾದರೆ ತಾಳಿಕೊಳ್ಳಬಹುದು, ನಾಲ್ಕಾದರೆ ನಾನು ಬೇಡ ಎನ್ನುತ್ತೇನೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2021ರಲ್ಲಿ ಆರಂಭಿಸಿದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಖಾತೆಯಲ್ಲಿ ನಿಮ್ಮ ಕ್ರೆಡಿಟ್‌ಗಳು ಜಮೆಯಾಗಿದ್ದರೂ, ಅವನ್ನು ಒಪ್ಪಿಕೊಂಡು ಸೀಟು ಕೊಡಲೇಬೇಕೆಂದು ಆ ಖಾತೆ ಯಾವ ಕಾಲೇಜನ್ನೂ ಕಟ್ಟಿಹಾಕುವುದಿಲ್ಲ.

ಹಣದ ವಿಷಯದಲ್ಲಿ ನಮ್ಮ ಜಿಲ್ಲೆಗೆ ತನ್ನದೇ ಆದ ತೊಡಕಿದೆ. ಕಾಲೇಜು ಶುಲ್ಕ ಕಟ್ಟಬೇಕಾದದ್ದು ಮಳೆಗಾಲದಲ್ಲಿ, ಕಾಫಿ, ಕರಿಮೆಣಸಿನ ಹಣ ಕೈಗೆ ಬರುವುದು ಬೇಸಿಗೆಯಲ್ಲಿ. ರೊಬಸ್ಟಾ ಮಾರಿದ ಹಣದಲ್ಲಿ ಸಾಲ, ಗೊಬ್ಬರ, ಕೂಲಿ ಎಲ್ಲ ಕಳೆದು ಜುಲೈಗೆ ಎಷ್ಟು ಉಳಿದಿರುತ್ತದೆ ಎಂಬುದನ್ನು ಮನೆಯಲ್ಲಿ ಮಾರ್ಚ್‌ನಲ್ಲೇ ಕುಳಿತು ಮಾತನಾಡಬೇಕು. ಶುಲ್ಕಕ್ಕಿಂತ ವಾಸದ ಖರ್ಚೇ ದೊಡ್ಡದು. ಪೇಯಿಂಗ್ ಗೆಸ್ಟ್ ವಸತಿಗೆ ಊಟ ಸಹಿತ ತಿಂಗಳಿಗೆ 7,000 ರೂಪಾಯಿ ಎಂದು ಇಟ್ಟುಕೊಂಡರೂ ಹತ್ತು ತಿಂಗಳಿಗೆ 70,000, ಎರಡು ವರ್ಷಕ್ಕೆ 1,40,000 ರೂಪಾಯಿ ಆಗುತ್ತದೆ. ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್ ಸಿಗುವುದೆಂಬ ಭರವಸೆಯ ಮೇಲೆ ಹೊರಡುವವರು ಎರಡನೇ ವರ್ಷದವರಿಗೆ ಅಲ್ಲಿ ಜಾಗವಿದೆಯೇ ಎಂದು ಮೊದಲೇ ವಿಚಾರಿಸಬೇಕು. ದೂರವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕೊಡಗಿಗೆ ರೈಲಿಲ್ಲ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಮಂಗಳೂರಿಗೆ ಸುಮಾರು 140, ಎಲ್ಲವೂ ಬಸ್ಸಿನಲ್ಲೇ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಸಂಪಾಜೆ ರಸ್ತೆ ಮುಚ್ಚಿದಾಗ ಮಂಗಳೂರಿನಲ್ಲಿ ಓದುತ್ತಿದ್ದ ಮಕ್ಕಳು ಮನೆಗೆ ಬರಲು ಸುತ್ತು ದಾರಿ ಹಿಡಿಯಬೇಕಾಯಿತು. ಮನೆಯಲ್ಲಿ ವಯಸ್ಸಾದವರಿದ್ದು, ನೀವೊಬ್ಬರೇ ಮಕ್ಕಳಾಗಿದ್ದರೆ ಈ ರಸ್ತೆಯ ಮಾತು ಸಣ್ಣದಲ್ಲ.

ನಿರ್ಧಾರ ಗಟ್ಟಿಯಾದ ಮೇಲೆ ಕಾಗದಗಳ ಕ್ರಮವನ್ನು ತಪ್ಪಿಸಬಾರದು. ಇದನ್ನು ನಾನು ಪೆಟ್ಟು ತಿಂದು ಕಲಿತೆ. ವಿದ್ಯಾರ್ಥಿಯಾಗಿದ್ದಾಗ ಹೊರಜಿಲ್ಲೆಯ ಕಾಲೇಜೊಂದರ ಕಚೇರಿಯಲ್ಲಿ "ಬನ್ನಿ, ಸೀಟಿದೆ" ಎಂದ ಬಾಯಿಮಾತನ್ನು ನಂಬಿ, ಇಲ್ಲಿ ಟಿ.ಸಿ. ತೆಗೆದುಕೊಂಡು ಹೋದೆ. ಅಲ್ಲಿಗೆ ತಲುಪುವಷ್ಟರಲ್ಲಿ ಆ ಸೀಟು ಬೇರೆಯವರಿಗೆ ಹೋಗಿತ್ತು. ಇಲ್ಲಿ ಹಾಜರಿ ಪುಸ್ತಕದಿಂದ ನನ್ನ ಹೆಸರು ತೆಗೆದಾಗಿತ್ತು. ಆರು ವಾರ ನಾನು ಯಾವ ಕಾಲೇಜಿನ ವಿದ್ಯಾರ್ಥಿಯೂ ಆಗಿರಲಿಲ್ಲ, ಅಪ್ಪನಿಗೆ ಅದನ್ನು ಹೇಳಲು ಬಾಯಿಯೂ ಬರಲಿಲ್ಲ. ಆದ್ದರಿಂದ ಮೊದಲು ಹೊಸ ಕಾಲೇಜಿನಲ್ಲಿ ಎರಡನೇ ವರ್ಷಕ್ಕೆ ಮಂಜೂರಾದ ಸಂಖ್ಯೆಯೊಳಗೆ ಖಾಲಿ ಸೀಟು ಇದೆಯೆಂದೂ, ಅದು ಸರ್ಕಾರಿ ಕೋಟಾದ್ದೋ ಆಡಳಿತ ಮಂಡಳಿಯದ್ದೋ, ಶುಲ್ಕ ಎಷ್ಟೆಂದೂ ಬರಹದಲ್ಲಿ ಪಡೆಯಬೇಕು. ಅನಂತರ ಎರಡೂ ಕಾಲೇಜುಗಳ ನಿರಾಕ್ಷೇಪಣಾ ಪತ್ರ, ಅದಾದ ಮೇಲೆ ವಿಶ್ವವಿದ್ಯಾಲಯದ ಅನುಮತಿ, ಎಲ್ಲಕ್ಕಿಂತ ಕೊನೆಯಲ್ಲಿ ಟಿ.ಸಿ. ಸಿಇಟಿ ಮೂಲಕ ಸೇರಿದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾಂತ್ರಿಕ ಶಿಕ್ಷಣ ಇಲಾಖೆಯ ಒಪ್ಪಿಗೆಯ ಬಗ್ಗೆಯೂ ವಿಚಾರಿಸಬೇಕು. ಬಾಕಿ ಉಳಿದ ಪತ್ರಿಕೆಗಳಿದ್ದರೆ ಹೊಸ ಕಾಲೇಜು ಹಿಂಜರಿಯುವುದು ಸಹಜ, ಆದ್ದರಿಂದ ಹೋಗುವ ಮನಸ್ಸಿರುವವರು ಮೊದಲ ವರ್ಷವನ್ನು ಇತರರಿಗಿಂತ ಚೆನ್ನಾಗಿ ಓದಬೇಕು. ಮೂಲ ಅಂಕಪಟ್ಟಿಗಳನ್ನು ಕಾಲೇಜು ತನ್ನಲ್ಲಿ ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲೇ ಸ್ಪಷ್ಟಪಡಿಸಿದೆ. ಯಾರಾದರೂ ಕೊಡಲು ಸತಾಯಿಸಿದರೆ ಬಾಯಿಮಾತಿನಲ್ಲಿ ಬೇಡಿಕೊಳ್ಳದೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸೀಟು ಕೊಡಿಸುತ್ತೇನೆಂದು ಮುಂಗಡ ಕೇಳುವ ಏಜೆಂಟರಿಂದ ದೂರವಿರಿ. ಸೇರಿದ ಮೇಲೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನ (ಎಸ್‌ಎಸ್‌ಪಿ) ದಾಖಲೆಯಲ್ಲಿ ಕಾಲೇಜಿನ ಹೆಸರು ಬದಲಾಗಿದೆಯೇ ಎಂದು ನೋಡಲು ಮರೆಯಬೇಡಿ.

ಉಳಿಯಲು ನಿರ್ಧರಿಸಿದವರಿಗೂ ಆ ದೊಡ್ಡ ಕಾಲೇಜುಗಳ ಬಾಗಿಲು ಮತ್ತೊಮ್ಮೆ ತೆರೆಯುತ್ತದೆ. ಬಿ.ಎಸ್ಸಿ. ಮುಗಿಸಿದವರಿಗೆ ಐಐಟಿಗಳ ಎಂ.ಎಸ್ಸಿ.ಗೆ ಜಾಮ್ ಪರೀಕ್ಷೆ, ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಪಿ.ಜಿ., ಎಂಜಿನಿಯರ್‌ಗಳಿಗೆ ಎಂ.ಟೆಕ್. ಪ್ರವೇಶಕ್ಕೆ ಗೇಟ್ ಇವೆ. ಈ ಪರೀಕ್ಷೆಗಳಲ್ಲಿ ಪದವಿ ಓದಿದ ಕಾಲೇಜಿನ ಹೆಸರಿಗೆ ಅಂಕವಿಲ್ಲ.

ಆ ಹುಡುಗಿ ಪುತ್ತರಿ ಮುಗಿದ ವಾರ ದಾಖಲೆ ಪುಸ್ತಕ ಹಿಡಿದು ಬಂದಳು. ಗೆಳತಿಯ ಸಾಲು, ಚಿಕ್ಕಪ್ಪನ ಸಾಲು ಎರಡಕ್ಕೂ ಗೆರೆ ಎಳೆದಿದ್ದಳು. ಲ್ಯಾಬಿನ ಸಾಲು ಹಾಗೆಯೇ ಇತ್ತು, ಅದರ ಪಕ್ಕದಲ್ಲಿ ಆ ಸೆಮಿಸ್ಟರ್‌ನಲ್ಲಿ ನಡೆಯದೆ ಹೋದ ಮೂರು ಪ್ರಯೋಗಗಳ ಹೆಸರು ಬರೆದಿದ್ದಳು. ಅದನ್ನು ವಿಭಾಗದ ಮುಖ್ಯಸ್ಥರಿಗೆ ತೋರಿಸಿದೆವು. ಎರಡು ಪ್ರಯೋಗಗಳು ಫೆಬ್ರವರಿಯೊಳಗೆ ನಡೆದವು, ಮೂರನೆಯದಕ್ಕೆ ಬೇಕಾದ ಉಪಕರಣ ನಮ್ಮಲ್ಲಿ ಇವತ್ತಿಗೂ ಇಲ್ಲ. ಅವಳು ಹೋಗಲಿಲ್ಲ. ಈಗ ಕೊನೆಯ ವರ್ಷದಲ್ಲಿದ್ದಾಳೆ, ಮೊನ್ನೆ ಜಾಮ್ ಪರೀಕ್ಷೆಯ ಅರ್ಜಿ ತುಂಬಲು ಬಂದಾಗ ಪರೀಕ್ಷಾ ಕೇಂದ್ರವಾಗಿ ಮೈಸೂರನ್ನೇ ಆರಿಸಿಕೊಂಡಳು.