ಬ್ಯಾರಕುಡಾ ಎಟುಕದಿದ್ದರೆ ಡಸ್ಟರ್: ಹಳೆಯ ಅಮೆರಿಕನ್ ವಿ8 ಕಾರು ಆರಿಸುವಾಗ ನಾನು ನೋಡುವುದು

1970ರ ಬ್ಯಾರಕುಡಾ, ಚಾಲೆಂಜರ್‌ಗಳ ಬೆಲೆ ಕೇಳಿ ಹಿಂದೆ ಸರಿದವರಿಗೆ ನಾನು ತೋರಿಸುವುದು ಅದೇ ಕ್ರೈಸ್ಲರ್ ಕಂಪನಿಯ ಚಿಕ್ಕ ಕಾರುಗಳನ್ನು: ಪ್ಲಿಮತ್ ಡಸ್ಟರ್ (1970–76) ಮತ್ತು ಎರಡು ಬಾಗಿಲಿನ ಡಾಡ್ಜ್ ಡಾರ್ಟ್. ಭಾರತದಲ್ಲಿ ಮಾರಾಟವಾದ ರೆನೋ ಡಸ್ಟರ್ ಬೇರೆ, ಇದು ಬೇರೆ. 318 ಘನ ಇಂಚಿನ ವಿ8 (ವಿ ಆಕಾರದಲ್ಲಿ ಎಂಟು ಸಿಲಿಂಡರ್) ಎಂಜಿನ್ ಆ ದುಬಾರಿ ಕಾರುಗಳಲ್ಲೂ ಇತ್ತು, ಇವುಗಳಲ್ಲೂ ಇದೆ. ಬಿಡಿಭಾಗಗಳು ಇಂದಿಗೂ ಹೊಸದಾಗಿ ಸಿಗುತ್ತವೆ. 340 ಎಂಜಿನ್ನಿನ ಡಸ್ಟರ್ ಈಗ ಅಗ್ಗವಲ್ಲ. ನಾನು ಹುಡುಕುವುದು 318 ಇರುವುದನ್ನೇ.

ಮೊದಲು ಗುರುತಿನ ಸಂಖ್ಯೆ ಓದಿ. ಚಾಲಕನ ಬದಿಯ ಡ್ಯಾಶ್‌ಬೋರ್ಡ್ ಮೇಲೆ, ಮುಂಗಾಜಿನ ಹಿಂದೆ ಇರುತ್ತದೆ. ಅಂಕಿ, ಅಕ್ಷರ ಎರಡನ್ನೂ ಎಣಿಸಿ ಐದನೆಯ ಸ್ಥಾನದಲ್ಲಿ ‘ಜಿ’ ಇದ್ದರೆ ಕಾರ್ಖಾನೆಯಿಂದಲೇ 318, ‘ಸಿ’ ಇದ್ದರೆ 225 ಘನ ಇಂಚಿನ ಆರು ಸಿಲಿಂಡರ್. ಆರು ಸಿಲಿಂಡರಿನ ಕಾರನ್ನು ಅಗ್ಗಕ್ಕೆ ಕೊಂಡು ವಿ8 ಕೂರಿಸುತ್ತೇನೆ ಎನ್ನುವವರನ್ನು ನಾನು ತಡೆಯುತ್ತೇನೆ. ಎಂಜಿನ್ ಹೊರುವ ಕೆ-ಫ್ರೇಮ್ ಬೇರೆ, ಮುಂಚಕ್ರಗಳಿಗೆ ಸ್ಪ್ರಿಂಗಿನಂತೆ ಕೆಲಸ ಮಾಡುವ ಸರಳು, ಅಂದರೆ ಟಾರ್ಷನ್ ಬಾರ್, ತೆಳ್ಳಗಿನದು, ಬ್ರೇಕ್ ಸಾಮಾನ್ಯವಾಗಿ 9 ಇಂಚಿನ ಡ್ರಮ್, ರೇಡಿಯೇಟರ್ ಚಿಕ್ಕದು. ಇಷ್ಟನ್ನೂ ಬದಲಿಸುವ ಹೊತ್ತಿಗೆ ಉಳಿಸಿದ ದುಡ್ಡೆಲ್ಲ ಕೈಬಿಟ್ಟಿರುತ್ತದೆ.

ವರ್ಷದ ಲೆಕ್ಕವೂ ಮುಖ್ಯ. ನನ್ನ ಆಯ್ಕೆ 1973. ಆ ವರ್ಷದಿಂದ ಮುಂಚಕ್ರಕ್ಕೆ ಒಂದೇ ಪಿಸ್ಟನ್ನಿನ ಡಿಸ್ಕ್ ಬ್ರೇಕ್ ಬಂತು, ಕಿಡಿ ಹೊತ್ತಿಸುವ ಹಳೆಯ ಸ್ವಿಚ್ಚಾದ ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಬಂತು. ಹಳೆಯ ಕಾರುಗಳಲ್ಲಿ ಚಕ್ರದ ಐದು ಬೋಲ್ಟ್ 4 ಇಂಚಿನ ವೃತ್ತದಲ್ಲಿದ್ದವು, ಈ ಡಿಸ್ಕ್‌ನಲ್ಲಿ 4.5 ಇಂಚು, ಹಾಗಾಗಿ ಇಂದಿನ ರಿಮ್‌ಗಳು ಸುಲಭವಾಗಿ ಸಿಗುತ್ತವೆ. 1970ರವರೆಗಿನ ಕಾರಾದರೆ ಎಡಬದಿಯ ಚಕ್ರದ ನಟ್‌ಗಳಿಗೆ ಎಡಮರೆ, ಅಂದರೆ ಬಿಚ್ಚಲು ಬಲಕ್ಕೆ ತಿರುಗಿಸಬೇಕು. ತಿಳಿಯದೆ ಜೋರಾಗಿ ಪಾನಾ ತಿರುಗಿಸಿ ಸ್ಟಡ್ ಮುರಿದವರು ಬಹಳ. ಕ್ಯಾಲಿಫೋರ್ನಿಯಾದವರು ಗಮನಿಸಿ: 1975 ಮತ್ತು ಅದಕ್ಕಿಂತ ಹಳೆಯ ಪೆಟ್ರೋಲ್ ಕಾರಿಗೆ ಹೊಗೆ ತಪಾಸಣೆ ಇಲ್ಲ, 1976ರದಕ್ಕೆ ಇದೆ.

ಅಶ್ವಶಕ್ತಿ ನೋಡಿ ಗಾಬರಿಯಾಗಬೇಡಿ. ಇದೇ 318ಕ್ಕೆ 1971ರಲ್ಲಿ 230 ಎಂದು ಬರೆದರು, 1972ರಲ್ಲಿ 150. ಎಂಜಿನ್ ಸೊರಗಿದ್ದಲ್ಲ, ಅಳೆಯುವ ರೀತಿ ಬದಲಾಯಿತು. ಬರಿಯ ಎಂಜಿನ್ನನ್ನು ಅಳೆಯುತ್ತಿದ್ದವರು ಆಲ್ಟರ್ನೇಟರ್, ಏರ್ ಫಿಲ್ಟರ್, ಸೈಲೆನ್ಸರ್ ಸಮೇತ ಅಳೆಯಲು ಶುರುಮಾಡಿದರು.

ಎಂಜಿನ್ ಕೆಟ್ಟಿದ್ದರೂ ಕೊಳ್ಳಬಹುದು. ತುಕ್ಕು ಹಿಡಿದ ಕಾರು ಬೇಡ. ಮುಂಗಾಜಿನ ಕೆಳಗಿನ ಜಾಲರಿಗೆ ಅರ್ಧ ಬಕೆಟ್ ನೀರು ಸುರಿದು ಒಳಗೆ ಕಾರ್ಪೆಟ್ ಎತ್ತಿ ನೋಡಿ. ಹನಿ ಬಿದ್ದರೆ ಒಳಗಿನ ತಗಡು ತೂತಾಗಿದೆ, ಅದನ್ನು ಸರಿಮಾಡಲು ಮುಂಭಾಗವನ್ನೇ ಬಿಚ್ಚಬೇಕು. ಆಮೇಲೆ ಕಾರಿನಡಿ ಹೋಗಿ ಟಾರ್ಷನ್ ಬಾರ್ ಹಿಂತುದಿ ಕೂರುವ ಅಡ್ಡಪಟ್ಟಿ, ಹಿಂದಿನ ಲೀಫ್ ಸ್ಪ್ರಿಂಗ್‌ನ ಮುಂತುದಿ ಹಿಡಿದಿರುವ ಜಾಗ, ಡಿಕ್ಕಿಯ ತಳ ಇವನ್ನು ಸ್ಕ್ರೂಡ್ರೈವರಿನಿಂದ ಕುಟ್ಟಿ. ಟಣ್ ಎಂದರೆ ಸರಿ, ಒಳಕ್ಕೆ ಇಳಿದರೆ ವಾಪಸ್ ಬನ್ನಿ. ಸ್ಟೀರಿಂಗ್ ಬಾಕ್ಸ್ ಕೂತಿರುವ ಕಡೆ ಕೆ-ಫ್ರೇಮ್ ಬಿರುಕು ಬಿಡುವುದೂ ಉಂಟು. ಅದಕ್ಕೆ ವೆಲ್ಡಿಂಗ್ ಸಾಕು.

ಜನರಲ್ ಮೋಟಾರ್ಸ್ ಅಭಿಮಾನಿಗಳಿಗೆ ಷೆವರ್ಲೆ ನೋವಾ ಬದಲು ಅದೇ ಚಾಸಿಸ್‌ನ ಪಾಂಟಿಯಾಕ್ ವೆಂಚುರಾ ಇದೆ. ಪಾಂಟಿಯಾಕ್ 350 ಮತ್ತು ಷೆವರ್ಲೆ 350 ಸಂಖ್ಯೆಯಲ್ಲಷ್ಟೇ ಒಂದೇ, ಭಾಗಗಳು ಅದಲುಬದಲಾಗವು. ಫೋರ್ಡ್ ಕಡೆ 302 ಎಂಜಿನ್ನಿನ ಮ್ಯಾವೆರಿಕ್ ಒಳ್ಳೆಯದು: ಚಕ್ರಕ್ಕೆ ನಾಲ್ಕೇ ಬೋಲ್ಟ್ ಇದ್ದರೆ ಅದು ಆರು ಸಿಲಿಂಡರಿನ ಕಾರು.

ಡಸ್ಟರ್ ಮನೆಗೆ ಬಂದಮೇಲೆ ಮೊದಲ ಕೆಲಸ ವೈರಿಂಗ್. ಆಲ್ಟರ್ನೇಟರಿನ ಕರೆಂಟ್ ಬಾನೆಟ್ ಹಿಂದಿನ ಗೋಡೆಯ ಕನೆಕ್ಟರ್ ದಾಟಿ, ಡ್ಯಾಶ್‌ಬೋರ್ಡಿನಲ್ಲಿ ಕರೆಂಟ್ ಅಳೆಯುವ ಆಮ್‌ಮೀಟರ್ ಮೂಲಕ ಹಾದು ಬ್ಯಾಟರಿಗೆ ಬರುತ್ತದೆ. ಐವತ್ತು ವರ್ಷದ ಪಿನ್‌ಗಳು ಕಿಲುಬು ಹಿಡಿದು, ಕಾದು, ಕರಗುತ್ತವೆ. ಬ್ಯಾಟರಿ ತಂತಿ ಕಳಚಿ, ಆಮ್‌ಮೀಟರಿನ ಎರಡೂ ವೈರುಗಳನ್ನು ಒಂದೇ ಬೋಲ್ಟಿಗೆ ಬಿಗಿದು ಟೇಪ್ ಸುತ್ತಿ. ಆಲ್ಟರ್ನೇಟರಿನಿಂದ ನೇರ ಬ್ಯಾಟರಿ ಕಡೆಗೆ 8 ಗೇಜ್ ತಂತಿ ಎಳೆಯಿರಿ. ಅದಕ್ಕೆ 12 ಗೇಜ್ ಫ್ಯೂಸಿಬಲ್ ಲಿಂಕ್ (ಕರೆಂಟ್ ಮಿತಿಮೀರಿದರೆ ತಾನೇ ಕರಗಿ ಉಳಿದ ತಂತಿಯನ್ನು ಕಾಯುವ ತುಂಡು) ಸೇರಿಸದೆ ಬಿಡಬೇಡಿ.

ಶಕ್ತಿ ಬೇಕಾದರೆ ಡ್ಯುಯಲ್-ಪ್ಲೇನ್ ಇನ್‌ಟೇಕ್ (ಕಾರ್ಬುರೇಟರಿನಿಂದ ಸಿಲಿಂಡರುಗಳಿಗೆ ಗಾಳಿ-ಪೆಟ್ರೋಲ್ ಒಯ್ಯುವ ಭಾಗ), ನಾಲ್ಕು ಬ್ಯಾರೆಲ್ಲಿನ 600 ಸಿಎಫ್‌ಎಂ (ನಿಮಿಷಕ್ಕೆ 600 ಘನ ಅಡಿ ಗಾಳಿ) ಕಾರ್ಬುರೇಟರ್, ಎರಡು ಕಡೆಗೂ 2.25 ಇಂಚಿನ ಎಕ್ಸಾಸ್ಟ್ ಪೈಪ್ ಸಾಕು. ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ದೊಡ್ಡದು ಹಾಕಬೇಡಿ. 318ರ ಕಂಪ್ರೆಷನ್ ಕಡಿಮೆ, ಎಂಜಿನ್ ನಿಧಾನವಾಗಿ ತಿರುಗುವಾಗಿನ ಎಳೆತ ಸತ್ತುಹೋಗುತ್ತದೆ. ಹಿಂದಿನ ಆಕ್ಸಲ್ 7¼ ಇಂಚಿನದಾಗಿದ್ದರೆ (ಒಳಗಿನ ದೊಡ್ಡ ಗೇರಿನ ಅಳತೆ) ಇಷ್ಟಕ್ಕೆ ನಿಲ್ಲಿಸಿ, ಅಂಟುವ ಟೈರ್ ಹಾಕಿ ಆಕ್ಸಿಲರೇಟರ್ ಒತ್ತಿದರೆ ಅದು ತಾಳುವುದಿಲ್ಲ. ಕಾರ್ಬುರೇಟರ್ ಬದಲಿಸುವಾಗ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಕಿಕ್‌ಡೌನ್ ಸರಳನ್ನು ಹೊಸದಕ್ಕೆ ಜೋಡಿಸಲೇಬೇಕು. ಹೆಚ್ಚಿನವರು ಕಳಚಿ ಮೂಲೆಗೆ ಇಡುತ್ತಾರೆ. ಆ ಸರಳೇ ಒಳಗಿನ ಎಣ್ಣೆಯ ಒತ್ತಡವನ್ನು ಏರಿಸುವುದು. ಅದಿಲ್ಲದಿದ್ದರೆ ಗೇರ್ ಜಾರುತ್ತಾ ಬದಲಾಗಿ ಕ್ಲಚ್ ಪ್ಲೇಟುಗಳು ಸುಟ್ಟುಹೋಗುತ್ತವೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಸರಳೂ ಪೂರ್ತಿ ಹಿಂದಕ್ಕೆ ಹೋಗಬೇಕು. ಇಬ್ಬರು ಸೇರಿ, ಒಬ್ಬರು ಪೆಡಲ್ ತುಳಿದು ಇನ್ನೊಬ್ಬರು ಬಾನೆಟ್ ಕೆಳಗೆ ಬಗ್ಗಿ ನೋಡಿದರೆ ಐದು ನಿಮಿಷದ ಕೆಲಸ.