ಧ್ರುವದ ಹವಾಮಾನ ಡೇಟಾ ಹಂಚಿಕೊಳ್ಳುವ ಮುಂಚೆ

ಅಂಟಾರ್ಕ್ಟಿಕಾದ್ದೋ ಆರ್ಕ್ಟಿಕ್‌ದೋ ಹವಾಮಾನ ಅಳತೆಗಳು ನಿಮ್ಮ ಹತ್ತಿರ ಇವೆ, ಎಲ್ಲರಿಗೂ ಸಿಗಲಿ ಅನ್ನುವ ಮನಸ್ಸೂ ಇದೆ. ತುಂಬಾ ಒಳ್ಳೆಯದು. ಅಂಟಾರ್ಕ್ಟಿಕಾದ ಮಟ್ಟಿಗಂತೂ 1959ರ ಒಪ್ಪಂದದ 3ನೇ ವಿಧಿಯೇ ಅಲ್ಲಿನ ಅಳತೆಗಳನ್ನು ಮುಕ್ತವಾಗಿ ಹಂಚಿಕೊಳ್ಳಿ ಅನ್ನುತ್ತದೆ. ಇಂಥ ಫೈಲ್‌ಗಳನ್ನು ಪರೀಕ್ಷಿಸಿ ಡೇಟಾ ಭಂಡಾರಕ್ಕೆ ಸೇರಿಸುವುದು ನನ್ನ ಕೆಲಸ. ಫೈಲ್ ತೆರೆದ ಕೂಡಲೇ ನಾನು ಹುಡುಕುವುದು ಜೊತೆಗಿನ ಟಿಪ್ಪಣಿಯನ್ನು. ಅದಿಲ್ಲದಿದ್ದರೆ ಅಂಕಿಗಳನ್ನು ನಂಬುವುದು ಕಷ್ಟ.

ಮೊದಲು ಸಮಯ. ಎಲ್ಲವನ್ನೂ ಯುಟಿಸಿಗೆ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯಕ್ಕೆ ತನ್ನಿ. ದಕ್ಷಿಣ ಧ್ರುವದ ಅಮುಂಡ್ಸನ್–ಸ್ಕಾಟ್ ಕೇಂದ್ರದ ಗಡಿಯಾರ ನಡೆಯುವುದು ನ್ಯೂಜಿಲೆಂಡ್ ಸಮಯದಲ್ಲಿ. ಬರೀ 'ಸಮಯ' ಅಂತ ಬರೆದರೆ ಓದುವವರು ಏನು ತಿಳಿಯಬೇಕು? ಗಾಳಿಯ ದಿಕ್ಕೂ ಅಷ್ಟೇ. ಆ ಧ್ರುವದಲ್ಲಿ ನಿಂತು ಯಾವ ಕಡೆ ತಿರುಗಿದರೂ ಉತ್ತರವೇ ಅಲ್ವಾ? ಅದಕ್ಕೇ ಗ್ರೀನಿಚ್ ರೇಖೆಯ ಕಡೆಯನ್ನು ಉತ್ತರ ಅಂತ ಹಿಡಿಯುವ ಪದ್ಧತಿ ಇದೆ. ನೀವು ಏನು ಹಿಡಿದಿರಿ ಅಂತ ಬರೆಯಿರಿ.

ಜಾಗಕ್ಕೆ ತಾರೀಕು ಹಾಕಿ. ಧ್ರುವದ ಕೇಂದ್ರ ನಿಂತಿರುವ ಮಂಜುಗಡ್ಡೆ ವರ್ಷಕ್ಕೆ ಸುಮಾರು 10 ಮೀಟರ್ ಸರಿಯುತ್ತದೆ. ಅಂಟಾರ್ಕ್ಟಿಕಾದಲ್ಲಿ ತೇಲುವ ಮಂಜಿನ ಹಾಸಿನ ಮೇಲಿರುವ ಬ್ರಿಟನ್ನಿನ ಹ್ಯಾಲಿ ಕೇಂದ್ರವನ್ನು, ಹತ್ತಿರದ ಬಿರುಕು ಬೆಳೆಯುತ್ತಿದೆ ಅಂತ, 2016–17ರಲ್ಲಿ 23 ಕಿ.ಮೀ. ದೂರಕ್ಕೆ ಎಳೆದುಕೊಂಡು ಹೋದರು.

ಈಗ ಉಪಕರಣ. ಇಲ್ಲಿ ದಯವಿಟ್ಟು ಆತುರ ಬೇಡ. ಹಿಮ ಬಿದ್ದು ಬಿದ್ದು ಕಂಬ ಹೂತುಹೋಗುತ್ತದೆ. 2 ಮೀಟರ್ ಎತ್ತರಕ್ಕೆ ಕಟ್ಟಿದ ಥರ್ಮಾಮೀಟರ್ ಕೆಲವು ತಿಂಗಳಲ್ಲೇ ಹಿಮಕ್ಕೆ ತೀರಾ ಹತ್ತಿರ ಬಂದಿರಬಹುದು. ನೆಲದ ಹತ್ತಿರದ ಗಾಳಿ ಅಲ್ಲಿ ಜಾಸ್ತಿ ತಣ್ಣಗಿರುವುದರಿಂದ, ಎತ್ತರ ಗೊತ್ತಿಲ್ಲದಿದ್ದರೆ ಹವೆಯೇ ಬದಲಾಯಿತು ಅಂತ ಯಾರಾದರೂ ಅಂದುಕೊಂಡಾರು. ಎತ್ತರ ಅಳೆದಾಗಲೆಲ್ಲ, ಕಂಬ ಎತ್ತರಿಸಿದಾಗಲೆಲ್ಲ ಬರೆದಿಡಿ. ಬೇಸಿಗೆಯಲ್ಲಿ ಗಾಳಿ ನಿಂತ ದಿನ, ಫ್ಯಾನ್ ಇಲ್ಲದ ಕವಚದೊಳಗಿನ ಥರ್ಮಾಮೀಟರ್ ಬಿಸಿಲಿಗೆ ಕಾದು ಜಾಸ್ತಿ ತೋರಿಸುತ್ತದೆ. ಫ್ಯಾನ್ ಇದೆಯೋ ಇಲ್ಲವೋ ತಿಳಿಸಿ. ಗಾಳಿಮಾಪಕ ಗಂಟೆಗಟ್ಟಲೆ ಸೊನ್ನೆ ತೋರಿಸಿದರೆ ಗಾಳಿ ನಿಂತಿರಬಹುದು, ಮಂಜು ಕಟ್ಟಿ ಅದರ ತಿರುಗುವ ಬಟ್ಟಲುಗಳೇ ಸಿಕ್ಕಿಕೊಂಡಿರಬಹುದು. ಯಾವುದು ಅಂತ ಅಲ್ಲಿದ್ದವರಿಗಷ್ಟೇ ಗೊತ್ತು.

ಅಳತೆ ಸಿಗದ ಕಡೆ ಸೊನ್ನೆ ಹಾಕಬೇಡಿ. −99.9 ಕೂಡ ನನಗೆ ಇಷ್ಟವಿಲ್ಲ. ಅಂಟಾರ್ಕ್ಟಿಕಾದ ವಾಸ್ಟಾಕ್ ಕೇಂದ್ರದಲ್ಲಿ 1983ರ ಜುಲೈ 21ರಂದು ನಿಜವಾಗಿಯೂ −89.2 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. −9999 ವಾಸಿ, ಅದನ್ನು ನಿಜವಾದ ಅಳತೆ ಅಂತ ಯಾರೂ ತಿಳಿಯರು.

ವಿಚಿತ್ರ ಅನಿಸಿದ ಅಂಕಿಗೆ ಅನುಮಾನದ ಗುರುತು ಹಾಕಿ, ಆದರೆ ಅಳಿಸಬೇಡಿ. ಓಝೋನ್ ರಂಧ್ರದ ಕಥೆಯನ್ನೇ ನೋಡಿ. ಹ್ಯಾಲಿಯ ಅಳತೆಗಳಿಂದ ಅದು 1985ರಲ್ಲಿ ಜಗತ್ತಿಗೆ ಗೊತ್ತಾಯಿತು. ನಿಂಬಸ್-7 ಉಪಗ್ರಹವೂ ಅದನ್ನು ಕಂಡಿತ್ತು. ತೀರಾ ಕಡಿಮೆ ಬಂದ ಅಂಕಿಗಳಿಗೆ ಅನುಮಾನದ ಗುರುತು ಬಿದ್ದಿತ್ತು. ಅವು ಉಳಿದಿದ್ದರಿಂದಲೇ ರಂಧ್ರ ಎಷ್ಟು ದೊಡ್ಡದು ಅಂತ ತೋರಿಸಲು ಆಯಿತು.

ಉಳಿದದ್ದು ಸುಲಭ. ಫೈಲ್ ವಿಜ್ಞಾನಿಗಳು ಬಳಸುವ ನೆಟ್‌ಸಿಡಿಎಫ್ ರೂಪದಲ್ಲಾಗಲಿ, ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಸಿಎಸ್‌ವಿ ರೂಪದಲ್ಲಾಗಲಿ ಇದ್ದರೆ ಸಾಕು. ಪ್ರತಿ ಕಾಲಮ್‌ಗೆ ಅಳತೆಯ ಮಾನ (ಡಿಗ್ರಿ, ಮೀಟರ್ ಇತ್ಯಾದಿ) ಬರೆಯಿರಿ. ಲೈಸೆನ್ಸ್ ಸಿಸಿ ಬೈ ಇರಲಿ, ಅಂದರೆ ನಿಮ್ಮ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು. ಪಾಂಜಿಯಾದಂಥ, ಡಿಒಐ (ಬದಲಾಗದ ಕಾಯಂ ಗುರುತು) ಕೊಡುವ ಡೇಟಾ ಭಂಡಾರಕ್ಕೇ ಕೊಡಿ. ಸ್ವಂತ ವೆಬ್‌ಸೈಟಿನ ಕೊಂಡಿ ಯಾವಾಗ ಕಡಿದುಹೋಗುತ್ತದೋ ಹೇಳಲಾಗದು. ನಿಮ್ಮ ಪ್ರಬಂಧ ಮುಗಿಯುವವರೆಗೆ ಕಾಯಬೇಕಿದ್ದರೆ, ಡೇಟಾವನ್ನು ಎಲ್ಲರಿಗೂ ತೆರೆಯುವ ತಾರೀಕನ್ನು ಈಗಲೇ ಹೇಳಿಬಿಡಿ. 2019–20ರ ಮೊಸಾಯಿಕ್ ಆರ್ಕ್ಟಿಕ್ ಯಾನದವರು 2023ರ ಜನವರಿ 1 ಅಂತ ಮುಂಚೆಯೇ ಗೊತ್ತುಮಾಡಿದ್ದರು.

ಆಮೇಲೆ ತಪ್ಪು ಸಿಕ್ಕರೆ ಹಳೆಯ ಫೈಲನ್ನು ಗುಟ್ಟಾಗಿ ತಿದ್ದಬೇಡಿ, ಯಾರಾದರೂ ಅದರ ಮೇಲೆ ಲೆಕ್ಕ ಕಟ್ಟಿರಬಹುದು. ಹೊಸ ಆವೃತ್ತಿಯನ್ನು ಹೊಸ ಸಂಖ್ಯೆಯೊಂದಿಗೆ ಸೇರಿಸಿ, ಏನು ಬದಲಾಯಿತು, ಯಾವ ತಾರೀಕಿನಿಂದ ಅಂತ ಮೇಲೆಯೇ ಬರೆಯಿರಿ.